ಬ್ಯಾಟರಿಗೆ ಮಾತ್ರ ಬೇಡ

...ಅಯ್ಯೋ, ಅದನ್ನೇ ತಾನೆ ಆವಾಗಿಂದ ಹೇಳ್ತಿರೋದು? ಕಿಟಕಿಗೆ ಹಾಕು, ಬಾಗಿಲಿಗೆ ಹಾಕು, ಬ್ರೇಕಿಗೆ ಹಾಕು. ಅದೇನೋ ತಣ್ಣಗೆ ಗಾಳಿ ಬಿಡುತ್ತಲ್ಲ, ಅದಕ್ಕೂ ಹಾಕು. ಬ್ಯಾಟರಿಗೆ ಮಾತ್ರ ವಾರಂಟಿ ಬೇಡ. ಬೇಡ ಅಂದ್ರೆ ಬೇಡ! ಏನು? ಹಳೇ ಎಲೆಕ್ಟ್ರಿಕ್ ಕಾರು ತಗೊಳ್ಳೋರೆಲ್ಲ ಮೊದಲು ಬ್ಯಾಟರಿಗೇ ಹಾಕಿಸ್ತಾರಾ? ಹಾಕಿಸ್ಲಿ ಬಿಡು. ಅವರ ಭಯ ಅವರಿಗೆ.

ಮತ್ತೆ, ಮೇಡಂ ಅನ್ಬೇಡಪ್ಪಾ. ಬೇರೆ ಯಾರನ್ನೋ ಕರೆದ ಹಾಗಾಗುತ್ತೆ, ಹಿಂದೆ ತಿರುಗಿ ನೋಡೋಣ ಅನ್ಸುತ್ತೆ. ಟೈಲರಮ್ಮ ಅನ್ನು, ನಮ್ಮ ಬೀದೀಲಿ ಎಲ್ಲರೂ ಕರೆಯೋದು ಹಾಗೇ. ನಾನು ನಿನ್ನ ತಮ್ಮಾ ಅಂತೀನಿ. ನನಗೂ ಒಬ್ಬ ತಮ್ಮ ಇದ್ದಾನೆ, ಒಡಹುಟ್ಟಿದೋನು ಅಂದ್ರೆ ಅವನೊಬ್ಬನೇ. ಅವನಿಗೂ ನಿನ್ನ ಹಾಗೇ ಮೀಸೆ. ಅವನೂ ನಿನ್ನ ಹಾಗೇ, ಒಂದು ಕೇಳಿದ್ರೆ ಇನ್ನೊಂದು ತಲೆಗೆ ಕಟ್ಟೋಕೆ ನೋಡ್ತಾನೆ. ಬೇಜಾರಾಯ್ತಾ? ಇಲ್ಲ ತಾನೆ? ಸರಿ.

ತೋರಿಸು ಇನ್ನೊಂದ್ಸಲ ಆ ಕಾಗದ. ಬೆಳ್ಳಿ, ಚಿನ್ನ, ವಜ್ರ... ಕಾರಿನಂಗಡಿಗೆ ಬಂದ್ನೋ ಒಡವೆ ಅಂಗಡಿಗೆ ಬಂದ್ನೋ! ಬೆಳ್ಳಿ ಅಂದ್ರೆ ಕಿಟಕಿ, ಬಾಗಿಲು, ಬ್ರೇಕು. ಚಿನ್ನ ಅಂದ್ರೆ ಅದರ ಜೊತೆಗೆ ಮೋಟರು. ವಜ್ರ ಅಂದ್ರೆ ಬ್ಯಾಟರೀನೂ ಸೇರಿ. ಅಷ್ಟೇ ಅಲ್ವಾ? ನನಗೆ ಚಿನ್ನ ಸಾಕಪ್ಪಾ. ವಜ್ರಕ್ಕೆ ಆಸೆಪಡೋ ಹೆಂಗಸಲ್ಲ ನಾನು. ಇಷ್ಟು ವರ್ಷ ಸಂಸಾರ ಮಾಡಿದ್ದೀನಿ, ನಮ್ಮನೆಯವರ ಹತ್ರ ಒಂದೇ ಒಂದು ಹರಳು ಕೇಳಿಲ್ಲ. ಕೇಳಿದ್ರೂ ಕೊಡಿಸ್ತಿರ್ಲಿಲ್ಲ, ಅದು ಬೇರೆ ಮಾತು.

ಯಾಕೆ ಹೀಗೆ ಹತ್ತಿರ ಬಾಗ್ತಿದ್ದೀಯ? ಗುಟ್ಟಾ? ಹೇಳು, ಇಲ್ಲಿ ಇರೋದು ನಾನೂ ನೀನೂ ಈ ಕಾರುಗಳೂ... ಏನಂದ್ರಂತೆ ಹಿಂದಿನ ಓನರು? ರಾತ್ರಿಯೆಲ್ಲ ಚಾರ್ಜಿಗೆ ಹಾಕಿದ್ರೂ ಬೆಳಿಗ್ಗೆ ನೋಡಿದ್ರೆ ಏರಿರಲ್ಲ ಅಂತಾ? ಬ್ಯಾಟರಿ ಸತ್ತಿದೆ ಅಂತಾ? ಅದಕ್ಕೇ ಮಾರಿದ್ರಾ? ಅಯ್ಯೋ ಪಾಪ! ಆ ಮುದುಕರಿಗೆ ಏನು ಗೊತ್ತಾಗುತ್ತೆ...

ಮುದುಕರು ಅಂದ್ನಾ? ಅಂದೆ. ಸುಮ್ನೆ ಒಂದು ಅಂದಾಜು. ಇಷ್ಟು ಚೆನ್ನಾಗಿ ಒರೆಸಿ ಇಟ್ಕೊಂಡಿದ್ದಾರೆ ಅಂದ್ರೆ ವಯಸ್ಸಾದೋರೇ ಇರ್ಬೇಕಲ್ವಾ? ಹುಡುಗರು ಎಲ್ಲಿ ಒರೆಸ್ತಾರೆ.

ಅದಿರ್ಲಿ. ನಿಮ್ಮ ಮೆಕಾನಿಕ್ ಏನಂದ? ಬ್ಯಾಟರಿ ಪರೀಕ್ಷೆ ಮಾಡಿದ್ನಂತಲ್ಲ? ಗಟ್ಟಿಮುಟ್ಟಾಗಿದೆ ಅಂದ್ನಾ? ಮತ್ತೆ! ಕಾರು ಹೊಗಳೋವಾಗ ಮೆಕಾನಿಕ್ ಮಾತು ಹೇಳ್ತೀಯ, ವಾರಂಟಿ ಮಾರೋವಾಗ ಓನರ್ ಮಾತು ಹೇಳ್ತೀಯ. ಭಲೇ ಇದ್ದೀಯ ಕಣಪ್ಪಾ! ನಗು, ನಗು. ಸಿಕ್ಕಿಬಿದ್ದೋರ ನಗು ಅದು, ನನಗೆ ಗೊತ್ತು. ಜಾಕೀಟಿಗೆ ಕೊಟ್ಟ ಬಟ್ಟೇಲಿ ಒಂದು ತುಂಡು ಉಳಿಸ್ಕೊಂಡಾಗ ನಾನೂ ಹೀಗೇ ನಗ್ತೀನಿ.

ಈಗ ನನ್ನದು ಒಂದೆರಡು ಪ್ರಶ್ನೆ. ಸುಮ್ನೆ, ಉದಾಹರಣೆಗೆ ಕೇಳೋದು. ಹಿಂದಿನ ಎಡಗಡೆ ಬಾಗಿಲಿದ್ಯಲ್ಲ, ಅದು ಒಳಗಿಂದ ತೆರೆಯೋದೇ ಇಲ್ಲ ಅಂತ ಇಟ್ಕೋ. ಹೊರಗಿಂದ ತೆರೀಬೇಕಂದ್ರೂ ಸುಮ್ನೆ ಎಳೆದ್ರೆ ಬರಲ್ಲ, ಅದಕ್ಕೊಂದು ಉಪಾಯ ಬೇಕು ಅಂತ ಇಟ್ಕೋ. ಅದು ಬೆಳ್ಳೀಲಿ ಬರುತ್ತಾ? ಬರುತ್ತೆ. ಒಳ್ಳೇದು. ಮತ್ತೆ ಅದೇ ಬಾಗಿಲಿನ ಗಾಜು ಅರ್ಧಕ್ಕೆ ಇಳಿದು ಅಲ್ಲೇ ಮುನಿಸ್ಕೊಂಡು ನಿಂತುಬಿಡುತ್ತೆ, ಏನು ಮಾಡಿದ್ರೂ ಮೇಲೆ ಹೋಗಲ್ಲ...

ಹೋಗಿ ಎಳೆದು ನೋಡ್ಬೇಡಪ್ಪಾ! ಉದಾಹರಣೆಗೆ ಅಂದ್ನಲ್ಲ! ಬಾ ಈ ಕಡೆ... ಬರ್ತಿಲ್ವಾ? ಎರಡೂ ಕೈಯಲ್ಲಿ ಎಳೆದ್ರೂ ಬರ್ತಿಲ್ವಾ? ಬಿಡು, ಕಿತ್ತು ಬಂದೀತು. ಗಾಜೂ ಅರ್ಧದಲ್ಲೇ ಇದೆ ಅಂತೀಯ? ಹೌದಾ! ನೋಡು, ನೋಡು, ಬಾಯಿಗೆ ಬಂದದ್ದು ಹೇಳಿದ್ರೆ ಹಾಗೇ ಇದೆಯಲ್ಲ! ನನಗೆ ಹೇಗೆ ಗೊತ್ತು ಅಂದ್ರೆ... ನಮ್ಮಣ್ಣನ ಹತ್ರ ಇಂಥದ್ದೇ ಕಾರಿತ್ತು. ಇದೇ ಕಂಪನಿ, ಇದೇ ಬೂದು ಬಣ್ಣ. ಅದರದ್ದೂ ಇದೇ ರೋಗ.

ಆಗ್ಲೇ ತಮ್ಮ ಒಬ್ಬನೇ ಅಂದ್ನಾ? ಒಡಹುಟ್ಟಿದೋನು ಒಬ್ಬನೇ ಅಂದೆ. ದೊಡ್ಡಪ್ಪನ ಮಗ ಅಣ್ಣ ಆಗಲ್ವಾ? ನಿಮ್ಮನೇಲಿ ದೊಡ್ಡಪ್ಪನ ಮಕ್ಕಳನ್ನ ಏನಂತ ಕರೀತೀರಿ, ಸಾರ್ ಅಂತಾನಾ? ಹ್ಞೂಂ, ಮತ್ತೆ! ಸುಮ್ನೆ ಅಡ್ಡ ಪ್ರಶ್ನೆ ಹಾಕ್ಬೇಡ, ಬಾಗಿಲು ತೆಗಿ, ಮುಂದೆ ಕೂತು ನೋಡ್ತೀನಿ.

ಇಲ್ಲ ಇಲ್ಲ, ಸ್ಟೇರಿಂಗ್ ಕಡೆ ಬೇಡ. ನಾನೆಲ್ಲಿ ಓಡಿಸ್ತೀನಿ! ನಂದು ಪಕ್ಕದ ಸೀಟು. ಓಡಿಸೋರು ನಮ್ಮನೆಯವರು. ಅವರಿಗೆ ಇದು ಗೊತ್ತಿಲ್ಲ, ಹೇಳೂ ಇಲ್ಲ. ಮನೆ ಮುಂದೆ ತಂದು ನಿಲ್ಲಿಸಿ, ಬನ್ನಿ ಹೊರಗೆ ಅಂತ ಕರೀತೀನಿ. ಅವರೂ ಒಂದ್ಸಲ ನೋಡ್ಲಿ ಅಂತೀಯಾ? ಅವರು ನೋಡೋಕೇನಿದೆ, ಎಲ್ಲಾ ನೋಡಿದ್ದೇ... ಅಂದ್ರೆ, ನಾನು ನೋಡಿದ್ರೆ ಅವರು ನೋಡಿದ ಹಾಗೇ ಅಂದೆ.

ಹಾ... ಎಷ್ಟು ಹಾಯಾಗಿದೆ. ಕಾಲು ಚಾಚೋಕೆ ಸ್ವಲ್ಪ ಜಾಗ ಬೇಕು, ತಾಳು... ಬಂತು. ಏನು ಹಾಗೆ ನೋಡ್ತೀಯ? ಸೀಟು ಹಿಂದೆ ತಳ್ಳೋ ಹಿಡಿ ನಿನಗೂ ಗೊತ್ತಿರ್ಲಿಲ್ವಾ? ಸೀಟಿನ ಕೆಳಗೆ ಕೈ ಹಾಕಿದೆ, ಸಿಕ್ತು. ಎಲ್ಲಾ ಕಾರಲ್ಲೂ ಅಲ್ಲೇ ಇರುತ್ತಪ್ಪಾ. ಇರಲ್ವಾ? ಇಲ್ಲಿದೆಯಲ್ಲ, ನಮಗಷ್ಟೇ ಸಾಕು.

ಏನು, ಏನಂದೆ ಈಗ? ವಜ್ರ ತಗೊಂಡ್ರೆ ಈ ಹಳೇ ಬಟ್ಟೆ ಕಿತ್ತುಹಾಕಿ ಹೊಸಾ ಸೀಟ್ ಕವರ್ ಹಾಕಿಸ್ಕೊಡ್ತೀಯಾ? ಪುಕ್ಕಟೆ? ಹಳೇ ಬಟ್ಟೆ ಅಂದ್ಯಾ ಇದನ್ನ? ತಮ್ಮಾ, ಇಲ್ಲಿ ಬಾ. ಬಾಗು. ಈ ಅಂಚು ನೋಡು. ಈ ಪೈಪಿಂಗ್ ನೋಡು, ಎಲ್ಲಾದ್ರೂ ಸೊಟ್ಟ ಇದ್ಯಾ? ಹಸಿರು ಬಟ್ಟೆ ಮೇಲೆ ಸಾಸಿವೆ ಬಣ್ಣದ ಗೆರೆ. ಕೂರೋ ಕಡೆಯ ಗೆರೆ ಮತ್ತು ಬೆನ್ನಿನ ಕಡೆಯ ಗೆರೆ, ಎರಡೂ ಹೇಗೆ ಕೂಡಿವೆ ನೋಡು. ಒಂದು ನೂಲು ಆಚೀಚೆ ಆಗಿಲ್ಲ. ಇದಕ್ಕೆ ಎಷ್ಟು ಸಲ ಬಿಚ್ಚಿ ಹೊಲಿದಿರ್ಬೇಕು ಗೊತ್ತಾ? ಬೆನ್ನು ಬಿದ್ದುಹೋಗುತ್ತೆ! ಯಾವ ಕಂಪನಿಯೋನು ಮಾಡ್ತಾನೆ ಇದನ್ನ? ಇದನ್ನ ಕಿತ್ತುಹಾಕಿ ಅದೇನೋ ಥಳಥಳ ಅನ್ನೋ ರೆಕ್ಸಿನ್ ಹಾಕ್ತಾನಂತೆ! ಕೂತ್ರೆ ಅಂಟ್ಕೊಳ್ಳುತ್ತೆ, ಎದ್ರೆ ಪರ್ ಅನ್ನುತ್ತೆ!

ಕೋಪ ಅಲ್ಲಪ್ಪಾ. ಹೊಲಿಗೆ ವಿಷಯ ಬಂದ್ರೆ ನನಗೆ ತಡೆಯೋಕಾಗಲ್ಲ. ತಾಳು, ಆ ಮೂಲೆ ಹೊಲಿಗೆ ಒಂದು ತೋರಿಸ್ತೀನಿ, ಅದನ್ನ ನೋಡಿ ಕಲೀಬೇಕು ಜನ. ಕನ್ನಡಕ ಹಾಕ್ಕೋಬೇಕು. ಚೀಲದಲ್ಲಿದೆ... ಚೀಲ ಎಲ್ಲಿ? ಈಗ ತಾನೆ ಇಲ್ಲೇ ಓಡಿಸೋರ ಸೀಟ್ ಮೇಲೆ ಇಟ್ಟೆ. ನೀನು ತೆಗೆದ್ಯಾ? ಕೆಳಗೆ ಬಿತ್ತಾ? ಇಲ್ಲೇ ಇಟ್ಟಿದ್ದೆ ಕಣೋ, ಸೀಟ್ ಮೇಲೇ! ಹುಡುಕು ಸ್ವಲ್ಪ. ಯಾಕೆ ನಗ್ತೀಯ? ಹುಡುಕು ಅಂದ್ರೆ ನಗ್ತಾನೆ! ಏನು, ಎಲ್ಲಿ? ಬೆರಳು ತೋರಿಸಿದ್ರೆ ಏನು ಗೊತ್ತಾಗುತ್ತೆ, ಬಾಯಿ ಬಿಟ್ಟು ಹೇಳು...

ಓ.

ಸೀಟ್ ಮೇಲೇ ಇದೆ.

ಏನೋ... ಒಂದೇ ಬಣ್ಣ ನೋಡು, ಕಾಣಿಸ್ಲೇ ಇಲ್ಲ. ಈ ಬಟ್ಟೆ ಈಗ ಎಲ್ಲಾ ಕಡೆ ಸಿಗುತ್ತೆ. ಯಾವ ಅಂಗಡಿಗೆ ಹೋದ್ರೂ... ಸಿಗುತ್ತಪ್ಪಾ! ಗೆರೆ? ಗೆರೆಗೆ ಏನಾಯ್ತು? ಚೀಲದ ಗೆರೆ ಸೀಟಿನ ಗೆರೆಗೆ ಕೂಡುತ್ತೆ ಅಂತೀಯಾ? ಪೈಪಿಂಗೂ ಅದೇನೆ? ಹ್ಞೂಂ... ಕಣ್ಣು ಚುರುಕಾಗಿದೆ ನಿಂದು. ಟೈಲರ್ ಆಗ್ಬೇಕಿತ್ತು ನೀನು.

ಇಷ್ಟು ಹೊತ್ತು ಬೆಳ್ಳಿ ಚಿನ್ನ ಅಂತ ವಟವಟ ಅಂತಿದ್ದೋನು... ಹಾಗೆ ಕೈ ಕಟ್ಕೊಂಡು ನೋಡ್ಬೇಡ. ಸರಿ! ಸರಿ ಕಣಪ್ಪಾ! ನಾನೇ ಹೊಲಿದಿದ್ದು! ಸೀಟಿಗೆ ಹೊಲಿದು ಒಂದು ತುಂಡು ಉಳೀತು. ಉಳಿದದ್ದನ್ನ ಬಿಸಾಡೋಕೆ ಯಾವ ಟೈಲರಿಗೆ ಮನಸ್ಸು ಬರುತ್ತೆ? ಚೀಲ ಮಾಡ್ಕೊಂಡೆ. ಅದೇ ಚೀಲ ತಗೊಂಡು ಇಲ್ಲಿಗೇ ಬಂದ್ನಲ್ಲ, ನನ್ನ ತಲೆಗೆ ಏನನ್ನಬೇಕು! ಅಣ್ಣನೂ ಇಲ್ಲ, ದೊಡ್ಡಪ್ಪನ ಮಗನೂ ಇಲ್ಲ. ಬ್ಯಾಟರಿ ಸತ್ತಿದೆ ಅಂದ ಆ ಓನರು ನಮ್ಮನೆಯವರು. ಆಯ್ತಾ? ಈಗ ನಗು ಎಷ್ಟು ಬೇಕೋ ಅಷ್ಟು.

ಮಾರಿದ್ದನ್ನೇ ಯಾಕೆ ತಗೋತಿದ್ದೀನಾ? ನಮ್ಮ ಕಾರು, ನಮ್ಮಿಷ್ಟ. ಇಲ್ಲ, ಹಾಗಲ್ಲ... ಹೇಳ್ತೀನಿ. ಕಾರಿದ್ದಾಗ ನಮ್ಮನೇಲಿ ದಿನಾ ಜಗಳ ತಮ್ಮಾ. ಒಳ್ಳೇ ಜಗಳ, ರುಚಿಯಾದ ಜಗಳ. ಅವರಿಗೆ ಕಾರಿನ ಹೆಮ್ಮೆ. 'ನೋಡು, ಇದಕ್ಕೆ ಸದ್ದೇ ಇಲ್ಲ, ನಿನ್ನ ಹೊಲಿಗೆ ಮೆಷೀನು ನೋಡು, ಬೀದಿಗೆಲ್ಲ ಕೇಳುತ್ತೆ' ಅನ್ನೋರು. ನನ್ನ ಮೆಷೀನಿಗೆ ಗಯ್ಯಾಳಿ ಅಂತ ಹೆಸರಿಟ್ಟಿದ್ರು. ನಾನು ಬಿಡ್ತೀನಾ? ಕಾರಿಗೆ ಸವತಿ ಅಂತ ಹೆಸರಿಟ್ಟೆ. 'ಹೋಗಿ, ನಿಮ್ಮ ಸವತಿ ಮೈ ಒರೆಸಿ ಬನ್ನಿ, ಆಮೇಲೆ ಊಟ' ಅಂತಿದ್ದೆ. ಅವರು ಸವತಿ ನಿನಗೆ, ನನಗಲ್ಲ ಅಂತ ತಿದ್ದೋರು. ಹೀಗೇ ಇಡೀ ದಿನ ಕಳೀತಿತ್ತು.

ಮಾರಿ ಬಂದ್ರು ನೋಡು, ಅವತ್ತಿಂದ ಬಾಯಿಗೆ ಬೀಗ. ಮೆಷೀನು ಎಷ್ಟೇ ಗಡಗಡ ಅಂದ್ರೂ ಏನೂ ಅನ್ನಲ್ಲ. ಬೇಕಂತಲೇ ಎಣ್ಣೆ ಬಿಡದೆ ಓಡಿಸ್ದೆ, ಕಿವಿ ಕಿತ್ತುಹೋಗೋ ಹಾಗೆ ಕಿರುಚ್ತು. ಪೇಪರಿಂದ ತಲೆ ಎತ್ತಲಿಲ್ಲ ಅವರು. ಬೆಳಿಗ್ಗೆ ಎದ್ದು ಕಾರು ನಿಲ್ತಿದ್ದ ಜಾಗ ಗುಡಿಸ್ತಾರೆ. ಖಾಲಿ ಜಾಗ! ಊಟ ಹೇಗಿದೆ ಅಂದ್ರೆ ಚೆನ್ನಾಗಿದೆ ಅಂತಾರೆ. ಉಪ್ಪೇ ಹಾಕಿರ್ಲಿಲ್ಲ ಅವತ್ತು, ಆದ್ರೂ ಚೆನ್ನಾಗಿದೆ ಅಂತಾರೆ! ನನಗೆ ಅಳು ಬಂತು ತಮ್ಮಾ. ಬಯ್ಯೋ ಗಂಡನ ಜೊತೆ ಇರಬಹುದು, ಹೀಗೆ ಸಾಧುವಾಗಿಬಿಟ್ರೆ ಇರೋದು ಹೇಗೆ? ಅದಕ್ಕೇ ಬಂದೆ.

ಹಾಗಾದ್ರೆ ಅವರೇ ಬಂದು ವಾಪಸ್ ಕೇಳಬಹುದಿತ್ತು ಅಂತೀಯಾ? ಅವರಾ? ಕೆಟ್ಟಿದೆ ಅಂತ ತಾನೇ ಹೇಳಿ ಮಾರಿದ್ದನ್ನ ತಾನೇ ಹೋಗಿ ಕೇಳ್ತಾರಾ? ಪ್ರಾಣ ಹೋದ್ರೂ ಕೇಳಲ್ಲ. ಮತ್ತೆ ಬ್ಯಾಟರಿ ಸತ್ತಿದೆ ಅಂತ ಪೂರಾ ನಂಬಿದ್ದಾರಲ್ಲ... ನಾನು ಯಾಕೆ ನಂಬಿಲ್ಲ? ಅದು... ಅದು ಬೇರೆ ಕತೆ. ಅದನ್ನ ಕೇಳ್ಬೇಡ. ನಿನಗ್ಯಾಕೆ? ಚಿನ್ನ ಬರ್ಕೋ, ಮುಗಿಸು.

ಏನು? ಯಾರು? ದಿನಾ ಸಂಜೆ ಒಬ್ಬರು ಬರ್ತಾರಾ? ಒಳಗೆ ಬರಲ್ಲ... ಗಾಜಿನಾಚೆ ನಿಂತು ಈ ಕಾರನ್ನೇ ನೋಡಿ ಹೋಗ್ತಾರಾ? ಹೇಗಿದ್ದಾರೆ? ತೆಳ್ಳಗೆ... ಕಂದು ಸ್ವೆಟರು, ಮೊಣಕೈಗೆ ತೇಪೆ... ಆ ತೇಪೆ ಯಾವ ಬಣ್ಣ? ನೀಲಿ.

ಅಯ್ಯೋ ನನ್ನ ಕರ್ಮವೇ. ಆ ತೇಪೆ ನಾನು ಹಾಕಿದ್ದು. ವಾಕಿಂಗ್ ಅಂತ ಹೇಳಿ ಹೋಗ್ತಾರೆ ಕಣೋ! ಡಾಕ್ಟರು ನಡೀರಿ ಅಂದಿದ್ದಾರೆ ಅಂತ. ನಾನೂ, ಸದ್ಯ ನಡೀತಾರಲ್ಲ ಅಂತ ಖುಷಿಪಡ್ತಿದ್ದೆ. ಇಲ್ಲಿಗೆ ಬರ್ತಾರಾ? ಗಾಜಿಗೆ ಮುಖ ಒತ್ತಿ ನಿಲ್ತಾರಾ? ನೀನು ಒಳಗೆ ಕರೀಲಿಲ್ವಾ? ಕರೆದ್ರೆ ತಲೆ ಆಡಿಸಿ ಹೊರಟುಹೋಗ್ತಾರಾ... ಹಾಗೇ ಅವರು. ಹಾಗೇ. ಒಂದು ನಿಮಿಷ ಇರು, ಕಣ್ಣಿಗೆ ಏನೋ ಬಿತ್ತು. ಏನೂ ಬಿದ್ದಿಲ್ಲ, ಸುಳ್ಳು ಹೇಳಿದೆ.

ಎಷ್ಟು ಹೊತ್ತಿಗೆ ಬರ್ತಾರೆ ಸಾಮಾನ್ಯ? ಇದೇ ಹೊತ್ತಿಗಾ? ಈಗ್ಲೇನಾ! ಮೊದಲೇ ಹೇಳೋಕಾಗಲ್ವಾ? ಎಲ್ಲಿ, ಗೇಟಿನ ಹತ್ರ... ಬಂದ್ರು! ಅದೇ ಸ್ವೆಟರು! ತಮ್ಮಾ, ಹೋಗು, ಬಾಗಿಲ ಹತ್ರ ಹೋಗಿ ಅಡ್ಡ ನಿಂತ್ಕೋ! ಏನಾದ್ರೂ ಮಾತಾಡಿಸು, ಹವಾ ಹೇಗಿದೆ ಕೇಳು! ನಾನಿಲ್ಲ, ನನ್ನ ನೋಡೇ ಇಲ್ಲ ನೀನು! ಇಲ್ಲಿಂದಲೇ ಹಿಂದಿನ ಸೀಟಿಗೆ ದಾಟಿ ಮಲಗಿಬಿಡ್ತೀನಿ, ಕಾಣಲ್ಲ. ಹೋಗೋ! ಹಿಂದೆ ತಿರುಗಿ ನೋಡ್ಬೇಡ!

...

ತಮ್ಮಾ... ತಮ್ಮಾ, ನೀನೇನಾ? ಹೆಜ್ಜೆ ಸದ್ದು ಕೇಳ್ತು. ಮಾತಾಡ್ಬೇಡ, ತಾಳು. ಹೋದ್ರಾ? ಈಗ ಗಾಜಿನ ಬಾಗಿಲು ಹಾಕಿದ್ದು ಕೇಳಿಸ್ತು, ಹೋಗಿರ್ಬೇಕು. ಒಳಗಂತೂ ಬರಲ್ಲ ಅಂತ ನೀನೇ ಅಂದ್ಯಲ್ಲ. ನಾನು ಮುಖದ ಮೇಲೆ ಚೀಲ ಇಟ್ಕೊಂಡು ಮಲಗಿದ್ದೀನಿ. ಸೀಟ್ ಯಾವುದು, ಟೈಲರಮ್ಮ ಯಾವಳು, ಯಾರಿಗೂ ಗೊತ್ತಾಗಲ್ಲ! ಹ್ಹಿ ಹ್ಹಿ... ಈ ಬಟ್ಟೆ ಕೊನೆಗೂ ಒಂದು ಕೆಲಸಕ್ಕೆ ಬಂತು. ನಗ್ಸ್ಬೇಡ, ಹೊಟ್ಟೆ ಹಿಡ್ಕೊಳ್ಳುತ್ತೆ.

ಯಾಕೆ ಮಾತೇ ಇಲ್ಲ? ನಾನು ಮಾತಾಡ್ಬೇಡ ಅಂದ್ನಲ್ಲ, ಅದಕ್ಕಾ? ಒಳ್ಳೇದು, ಹಾಗೇ ಇರು. ಮುಖ ನೋಡ್ಕೊಂಡು ಹೇಳೋಕಾಗದ್ದನ್ನ ಈಗ ಹೇಳಿಬಿಡ್ತೀನಿ. ಬ್ಯಾಟರಿ ಮೇಲೆ ನನಗೆ ಯಾಕಷ್ಟು ನಂಬಿಕೆ ಅಂತ ಕೇಳಿದ್ಯಲ್ಲ. ನೀನು ಯಾರಿಗೂ ಹೇಳಕೂಡದು. ಆ ಸ್ವೆಟರಿನವರಿಗೆ ಸತ್ರೂ ಹೇಳಕೂಡದು.

ನಮ್ಮನೇಲಿ ದಪ್ಪ ಪ್ಲಗ್ಗು ಇರೋದು ಒಂದೇ. ಕಾರು ಬರೋಕೆ ಮುಂಚೆ ಅದು ನನ್ನ ಇಸ್ತ್ರಿದು. ಹಬೆ ಬಿಡೋ ದೊಡ್ಡ ಇಸ್ತ್ರಿ, ಕೋಟುಗಳಿಗೆ ಅದಿಲ್ಲದೆ ಆಗಲ್ಲ. ಕಾರು ಬಂತು, ಪ್ಲಗ್ಗು ಅದರ ಪಾಲಾಯ್ತು. ನನ್ನ ಒಂದು ಮಾತು ಕೇಳಿದ್ರಾ? ಇಲ್ಲ. ಆಮೇಲೆ ಒಂದ್ಸಲ ಬ್ಯಾಂಡಿನವರ ಕೋಟು ಬಂತು. ಕೆಂಪು ಕೋಟು, ಹೊಳೆಯೋ ಗುಂಡಿ, ಒಂದು ಗುಡ್ಡೆ! ಬೆಳಗಾದ್ರೆ ಕೊಡ್ಬೇಕು. ಇವರು ಗೊರಕೆ ಹೊಡೀತಿದ್ರು. ನಾನೇನು ಮಾಡ್ಲಿ? ಕಾರಿನ ವೈರು ಕಿತ್ತೆ, ಇಸ್ತ್ರಿ ಸಿಕ್ಕಿಸಿದೆ. ಬೆಳಗಿನ ಜಾವ ಕೋಟೆಲ್ಲ ಮುಗಿದ ಮೇಲೆ ಇಸ್ತ್ರಿ ಕಿತ್ತು ಕಾರಿನ ವೈರು ಎಲ್ಲಿತ್ತೋ ಅಲ್ಲೇ ಸಿಕ್ಕಿಸಿ ಮಲಗಿದೆ. ಬೆಳಿಗ್ಗೆ ಹೋಗಿ ನೋಡ್ತಾರೆ, ವೈರು ಇದೆ, ಚಾರ್ಜ್ ಇಲ್ಲ!

ಆ ಮುಖ ನೋಡ್ಬೇಕಿತ್ತು ನೀನು! ನಗು ಬರ್ತಿಲ್ವಾ? ಅವತ್ತೇ ಹೇಳಿಬಿಡೋಣ ಅಂತ ಬಾಯಿ ತೆರೆದೆ, ದೇವರಾಣೆ ತೆರೆದೆ. ಅಷ್ಟರಲ್ಲಿ ಅವರೇನಂದ್ರು ಗೊತ್ತಾ? 'ನೀನು ಸುಮ್ನಿರು, ನಿನಗೆ ಕಾರಿನ ವಿಷಯ ಏನು ಗೊತ್ತು' ಅಂದ್ರು. ಸುಮ್ನಿರು ಅಂದ್ರಲ್ಲ? ಸುಮ್ನಿದ್ದೆ! ಮದುವೆಯಾದಾಗಿಂದ ಅವರ ಮಾತನ್ನ ಅಷ್ಟು ಚೆನ್ನಾಗಿ ನಾನು ಯಾವತ್ತೂ ಕೇಳಿರ್ಲಿಲ್ಲ.

ಆಮೇಲೆ ಬ್ಯಾಂಡಿನವರು ಬರ್ತಾನೇ ಇದ್ರು. ಇವರು ತಲೆ ಕೆಡಿಸ್ಕೊಂಡು ಓಡಾಡಿದ್ದೇ ಓಡಾಡಿದ್ದು. ಒಂದಿನ ಚಾರ್ಜ್ ಏರುತ್ತೆ, ಒಂದಿನ ಏರಲ್ಲ, ಇದೆಂಥಾ ರೋಗ ಅಂತ. ಏರಿದ ದಿನ ನನಗೆ ಇಸ್ತ್ರಿ ಇರ್ತಿರ್ಲಿಲ್ಲ, ಅಷ್ಟೇ! ನನಗೆ ಒಳಗೊಳಗೇ ಖುಷಿ. ಮಾರಿಬಿಡ್ತಾರೆ ಅಂತ ಕನಸಲ್ಲೂ ಅಂದುಕೊಂಡಿರ್ಲಿಲ್ಲ ತಮ್ಮಾ. ಗಿರಾಕಿ ಮನೆಗೆ ಬಟ್ಟೆ ಕೊಟ್ಟು ಬರೋಷ್ಟರಲ್ಲಿ ಕಾರಿಲ್ಲ. ವೈರು ಮಾತ್ರ ಸುರುಳಿ ಸುತ್ತಿ ಮೊಳೆಗೆ ನೇತುಹಾಕಿದ್ರು. ಅಚ್ಚುಕಟ್ಟಾಗಿ. ಪ್ಲಗ್ಗು ನನಗೇ ವಾಪ್ಸು ಬಂತು. ಇಸ್ತ್ರಿ ಹಾಕಿದಾಗೆಲ್ಲ ಆ ವೈರು ಕಣ್ಣಿಗೆ ಬೀಳುತ್ತೆ. ಹೇಳೋಣ ಅಂದ್ರೆ, ಹೇಗೆ ಹೇಳ್ಲಿ? ತಪ್ಪು ನಂದೇ. ಆದ್ರೆ ಹೇಳಿದ್ರೆ ಅವರು ಈ ಜನ್ಮದಲ್ಲಿ ನನ್ನ ನಂಬಲ್ಲ.

ಅದಕ್ಕೇ ನಿನ್ನಿಂದ ಒಂದು ಉಪಕಾರ ಆಗ್ಬೇಕು. ಕಾರು ಮನೆಗೆ ಬಿಡೋಕೆ ನೀನೇ ಬಾ. ಬಂದು ಅವರಿಗೆ, 'ಬ್ಯಾಟರಿ ಕೆಟ್ಟಿತ್ತು ಸಾರ್, ನಿಮ್ಮ ಮಾತು ನಿಜ, ನಾವು ಬದಲಾಯಿಸಿದ್ದೀವಿ' ಅಂತ ಒಂದೇ ಒಂದು ಸುಳ್ಳು ಹೇಳು. ಅವರೂ ಗೆದ್ದ ಹಾಗಾಗುತ್ತೆ, ನನ್ನ ಮಾನವೂ ಉಳಿಯುತ್ತೆ. ಇಸ್ತ್ರಿಗೆ ಬೇರೆ ಪ್ಲಗ್ಗು ಹಾಕಿಸ್ತೀನಿ, ಎಲೆಕ್ಟ್ರೀಷಿಯನ್‌ಗೆ ಆಗ್ಲೇ ಹೇಳಿದ್ದೀನಿ. ಹೇಳ್ತೀಯ ತಾನೆ? ತಮ್ಮಾ? ಹ್ಞೂಂ ಅನ್ನು... ನಿನ್ನ ಅಕ್ಕ ಅಂದ್ಕೋ...

ಉಸಿರೇ ಇಲ್ವಲ್ಲ ನಿಂದು! ಅಷ್ಟು ಕೆಟ್ಟವಳಾಗಿ ಕಂಡ್ನಾ? ಬೇಡ ಬಿಡು, ಆಮೇಲೆ ಯೋಚನೆ ಮಾಡಿ ಹೇಳು. ಮೊದಲು ಬಾಗಿಲು ತೆಗಿ, ಸೊಂಟ ಹಿಡ್ಕೊಂಡಿದೆ. ಈ ಬಾಗಿಲು ಒಳಗಿಂದ ತೆರೆಯಲ್ಲ, ಆ ಕಡೆ ಬಾಗಿಲಿಗೆ ಕಂಬ ಅಡ್ಡ ಇದೆ. ಹೊರಗಿಂದ ಎಳೆಯೋಕೆ ಹೋಗ್ಬೇಡ ಮತ್ತೆ. ಹೇಗೆ ಅಂತ ಹೇಳ್ಕೊಡ್ತೀನಿ, ಕೇಳು. ಮೊದಲು ಬಾಗಿಲಿಗೆ...

ಅರೆ, ತೆರೀತು.

ಸೊಂಟದಿಂದ ಒಂದು ಗುದ್ದು, ಹಿಡಿ ಮೇಲಕ್ಕೆತ್ತಿ, ಆಮೇಲೆ ಎಳೀಬೇಕು... ನಾನಿನ್ನೂ ಹೇಳೇ ಇಲ್ಲ. ನಿನಗೆ ಹೇಗೆ ಬಂತು? ಅದು ಗೊತ್ತಿರೋದು ನನಗೆ, ಬಿಟ್ರೆ...

ತಮ್ಮಾ?

ಚೀಲ ತೆಗೀಲಾ ಬೇಡ್ವಾ? ಇದರ ಸಂದಿಯಿಂದ ನನಗೆ ಎರಡು ಚಪ್ಪಲಿ ಕಾಣ್ತಿದೆ. ಎಡಗಾಲಿನ ಪಟ್ಟಿಗೆ ನೀಲಿ ದಾರದ ಹೊಲಿಗೆ ಇದೆ. ಆ ಹೊಲಿಗೆ ನಂದು.

...ರೀ.

ಯಾವಾಗ ಬಂದ್ರಿ? ಎಲ್ಲಿಂದ ಕೇಳಿಸ್ಕೊಂಡ್ರಿ? ಇಸ್ತ್ರಿಯಿಂದಾನಾ? ಅದಕ್ಕಿಂತ ಮುಂಚೆಯಿಂದಾನಾ... ತಮ್ಮಾ, ಎಲ್ಲಿದ್ದೀಯೋ ದ್ರೋಹಿ? ಅಲ್ಲಿ ನಿಂತು ಗೋಡೆ ನೋಡ್ತಿದ್ದೀಯಾ? ಬಾಯಿಗೆ ಬೆರಳಿಟ್ಟು ಸುಮ್ನಿರು ಅಂದ್ರಾ ಇವರು? ಅವರು ಸುಮ್ನಿರು ಅಂದ್ರೆ ನೀನೂ ಸುಮ್ನಿರ್ತೀಯಾ!

ರೀ, ಏನಾದ್ರೂ ಅನ್ನಿ. ಬಯ್ರಿ. ಹೀಗೆ ನಿಂತ್ಕೊಂಡು ನೋಡ್ಬೇಡಿ. ತಪ್ಪಾಯ್ತು ಅಂತಿದ್ದೀನಲ್ಲ, ಕೇಳಿಸ್ಲಿಲ್ವಾ? ಚೀಲದ ಒಳಗಿಂದ ಹೇಳಿದ್ರೂ ಹೇಳಿದ ಹಾಗೇ ತಾನೆ? ಬೇಕಿದ್ರೆ ಚೀಲ ತೆಗೆದು ಇನ್ನೊಂದ್ಸಲ ಹೇಳ್ತೀನಿ. ತಪ್ಪಾಯ್ತು. ಕಾರಿಗೆ ಏನೂ ಆಗಿಲ್ಲ, ಮನೆಗೆ ಹೋಗೋಣ ಬನ್ನಿ. ನೀವೇ ಓಡಿಸಿ, ನಾನು ಸುಮ್ನೆ ಕೂರ್ತೀನಿ... ಎಲ್ಲಿಗೆ ಹೋಗ್ತಿದ್ದೀರಿ? ರೀ! ಬಾಗಿಲು ತೆಗೆದು ಹಾಗೇ ಹೊರಟುಬಿಟ್ರಾ?

ಅವನ ಹತ್ರ ಯಾಕೆ? ಏನು ತೋರಿಸ್ತಿದ್ದೀರಿ ಆ ಕಾಗದದಲ್ಲಿ? ವಜ್ರ? ವಜ್ರ ಬರ್ಕೋ ಅಂದ್ರಾ? ಯಾಕ್ರೀ, ಬ್ಯಾಟರಿ ಚೆನ್ನಾಗಿದೆ ಅಂತ ಈಗ ತಾನೆ ಅಷ್ಟು ಹೊತ್ತು ಬಡ್ಕೊಂಡ್ನಲ್ಲ, ಅದಕ್ಕೆ ಯಾಕೆ ದಂಡ...

ಏನಂದ್ರಿ?

ಇನ್ನೊಂದ್ಸಲ ಅನ್ನಿ.

ಇಸ್ತ್ರಿ ಇನ್ನೂ ಮನೇಲೇ ಇದೆಯಲ್ಲ, ಅದಕ್ಕಾ?

ಕೇಳಿದ್ಯಾ ತಮ್ಮಾ! ಕೇಳಿಸ್ಕೊಂಡ್ಯಾ ಇವರ ಬಾಯಿ! ಕಾರು ಹೋದಾಗಿಂದ ಒಂದು ಮಾತಿಲ್ಲ ಕತೆಯಿಲ್ಲ, ಬಾಯಿ ಬಿಟ್ಟ ಕೂಡಲೇ ನನ್ನ ಮೇಲೇ! ಅಂಗಡಿಯವನ ಎದುರಿಗೇ! ನಗ್ಬೇಡ ನೀನು... ನೀವೂ ನಗ್ಬೇಡಿ, ನಗು ತಡ್ಕೊಂಡು ಸ್ವೆಟರೆಲ್ಲ ಕುಣೀತಿದೆ, ಕಾಣಲ್ವಾ ನನಗೆ? ಮನೆಗೆ ಬನ್ನಿ, ಇದೆ ನಿಮಗೆ.

ಬರ್ಕೋ ತಮ್ಮಾ, ಬರ್ಕೋ. ವಜ್ರಾನೇ ಹಾಕು. ಇರೋದ್ರಲ್ಲಿ ಎಲ್ಲಕ್ಕಿಂತ ಹೆಚ್ಚು ವರ್ಷದ್ದು ಯಾವುದಿದೆ, ಅದನ್ನ ಹಾಕು.